ಆವೃತ್ತಿ ಮೂಲದ್ದು, ವೇಗ ಮಾಧ್ಯಮದ್ದು

ವೇಗ = ಆವೃತ್ತಿ × ತರಂಗದೂರ. ಹೈಸ್ಕೂಲಿನಿಂದಲೇ ಬಾಯಿಪಾಠವಾಗಿರುವ ಸೂತ್ರ ಇದು. ಆವೃತ್ತಿ ಎಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಆಡುತ್ತದೆ ಎಂಬ ಎಣಿಕೆ, ತರಂಗದೂರ ಎಂದರೆ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ. ಮೂರರಲ್ಲಿ ಎರಡು ಕೊಟ್ಟರೆ ಮೂರನೆಯದನ್ನು ಯಾರು ಬೇಕಾದರೂ ಲೆಕ್ಕ ಹಾಕಿ ಹೇಳುತ್ತಾರೆ. ಆದರೆ ಅಲೆ ಗಾಳಿಯಿಂದ ನೀರಿಗೋ ಕೇಬಲ್ಲಿಗೋ ಹೊಕ್ಕಾಗ ಈ ಮೂರರಲ್ಲಿ ಯಾವುದು ಬದಲಾಗುತ್ತದೆ, ಯಾವುದು ಹಾಗೇ ಉಳಿಯುತ್ತದೆ ಎಂದು ಕೇಳಿ ನೋಡಿ. ಎಂಜಿನಿಯರಿಂಗ್ ಓದಿದವರೂ ಅಲ್ಲಿ ತಡವರಿಸುತ್ತಾರೆ. ಸೂತ್ರದಲ್ಲಿ ಮೂರೂ ಒಂದೇ ಪಂಕ್ತಿಯಲ್ಲಿ ಕೂತಿರುವುದರಿಂದ ಮೂರಕ್ಕೂ ಒಂದೇ ಅಂತಸ್ತು ಅನ್ನಿಸಿಬಿಡುತ್ತದೆ. ಪ್ರಕೃತಿಯಲ್ಲಿ ಹಾಗಿಲ್ಲ.

ಆವೃತ್ತಿಯನ್ನು ತೀರ್ಮಾನಿಸುವುದು ಅಲೆ ಹುಟ್ಟಿದ ಜಾಗ. ಆಕಾಶವಾಣಿ ಬೆಂಗಳೂರಿನ ಮಧ್ಯಮ ತರಂಗ ಪ್ರಸಾರ 612 ಕಿಲೋಹರ್ಟ್ಜ್‌ನಲ್ಲಿದೆ. ಅಂದರೆ ಆ ಗೋಪುರದಲ್ಲಿ ವಿದ್ಯುತ್ ಪ್ರವಾಹ ಸೆಕೆಂಡಿಗೆ 6,12,000 ಸಲ ಹೋಗಿ ಬರುತ್ತದೆ. ಅಲ್ಲಿಂದ ಹೊರಟ ಅಲೆ ಮಳೆಯಲ್ಲಿ ನೆನೆದರೂ ಗೋಡೆ ದಾಟಿದರೂ ನಿಮ್ಮ ರೇಡಿಯೊದ ಒಳಗಿನ ಫೆರೈಟ್ ಕಡ್ಡಿಯೊಳಗೆ ಇಳಿದರೂ ಸೆಕೆಂಡಿಗೆ 6,12,000 ಸಲವೇ ಆಡುತ್ತದೆ. ವೇಗವನ್ನು ತೀರ್ಮಾನಿಸುವುದು ಅಲೆ ಹಾದುಹೋಗುವ ಮಾಧ್ಯಮ. ಈ ಎರಡು ಗೊತ್ತಾದ ಮೇಲೆ ತರಂಗದೂರಕ್ಕೆ ಸ್ವಂತ ಇಷ್ಟವೆಂಬುದಿಲ್ಲ. ಒಂದು ಆಂದೋಲನ ಮುಗಿಯುವಷ್ಟರಲ್ಲಿ ಅಲೆ ಎಷ್ಟು ದೂರ ಸಾಗಿತೋ ಅಷ್ಟೇ ಅದರ ಅಳತೆ.

ಗಡಿಯಲ್ಲಿ ಆವೃತ್ತಿ ಯಾಕೆ ಬದಲಾಗುವುದಿಲ್ಲ? ಗಾಜಿನ ಮೇಲ್ಮೈಗೆ ಸೆಕೆಂಡಿಗೆ ಎಷ್ಟು ಉಬ್ಬುಗಳು ಬಂದು ತಾಗುತ್ತವೆಯೋ ಅಷ್ಟೇ ಉಬ್ಬುಗಳು ಒಳಕ್ಕೆ ಹೋಗಬೇಕು. ಬಂದವನ್ನು ಕೂಡಿಡಲು ಅಲ್ಲಿ ಕಣಜವಿಲ್ಲ, ಇಲ್ಲದ್ದನ್ನು ಹುಟ್ಟಿಸಿ ಕಳಿಸಲು ಯಂತ್ರವೂ ಇಲ್ಲ. ಒಳಗೆ ವೇಗ ಕಡಿಮೆಯಾದರೆ ಉಬ್ಬುಗಳು ಒತ್ತೊತ್ತಾಗಿ ನಿಲ್ಲುತ್ತವೆ. ತರಂಗದೂರ ಕುಗ್ಗಿತು ಎಂದರೆ ಇಷ್ಟೇ.

ಪದದ ಬಗ್ಗೆ ಒಂದು ಮಾತು. ಪತ್ರಿಕೆಗಳು ‘ತರಂಗಾಂತರ ಹರಾಜು’ ಎಂದು ಬರೆಯುತ್ತವೆ. ಅಲ್ಲಿ ಹರಾಜಾಗುವುದು ಆವೃತ್ತಿಯ ಪಟ್ಟಿಗಳು. ಹಳೆಯ ಪುಸ್ತಕಗಳಲ್ಲಿ ಅದೇ ತರಂಗಾಂತರ ಎಂದರೆ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ. ಈ ಗೊಂದಲ ಬೇಡವೆಂದು ಇಲ್ಲಿ ಆ ದೂರಕ್ಕೆ ತರಂಗದೂರ ಎಂಬ ಪದವನ್ನೇ ಬಳಸಿದೆ.

ನಿರ್ವಾತದಲ್ಲಿ ಬೆಳಕಿಗೂ ರೇಡಿಯೊ ಅಲೆಗೂ ಒಂದೇ ವೇಗ, ಸೆಕೆಂಡಿಗೆ 29,97,92,458 ಮೀಟರ್. ಗಾಳಿಯಲ್ಲಿ ಅದಕ್ಕಿಂತ ಶೇ. 0.03ರಷ್ಟು ಕಡಿಮೆ, ದಿನಬಳಕೆಯ ಕೆಲಸಕ್ಕೆ ಅದನ್ನು ಮರೆಯಬಹುದು. ಕೈಲೆಕ್ಕಕ್ಕೆ ಸುಲಭದ ದಾರಿಯೆಂದರೆ 300ನ್ನು ಮೆಗಾಹರ್ಟ್ಜ್‌ನಿಂದ ಭಾಗಿಸುವುದು, ಉತ್ತರ ಮೀಟರಿನಲ್ಲಿ ಬರುತ್ತದೆ. ಇದರಲ್ಲಿ ತಪ್ಪು ಶೇ. 0.07 ಮಾತ್ರ. 612 ಕಿಲೋಹರ್ಟ್ಜ್ ಎಂದರೆ 490 ಮೀಟರ್. ಧಾರವಾಡದ 765 ಕಿಲೋಹರ್ಟ್ಜ್ ಎಂದರೆ 392 ಮೀಟರ್. ಬೆಂಗಳೂರಿನ ಎಫ್‌ಎಂ ಕನ್ನಡ ಕಾಮನಬಿಲ್ಲು 101.3 ಮೆಗಾಹರ್ಟ್ಜ್, ಅದು 2.96 ಮೀಟರ್. ವೈಫೈನ ಆರನೇ ಚಾನೆಲ್ 2437 ಮೆಗಾಹರ್ಟ್ಜ್, 12.3 ಸೆಂ.ಮೀ. ಛಾವಣಿಯ ಡಿಶ್‌ಗೆ ಬೀಳುವ 12 ಗಿಗಾಹರ್ಟ್ಜ್ ಅಲೆ 2.5 ಸೆಂ.ಮೀ. ಹಳೆಯ ಶಾರ್ಟ್‌ವೇವ್ ರೇಡಿಯೊಗಳ ಡಯಲ್ ಮೇಲೆ 25 ಮೀಟರ್, 31 ಮೀಟರ್, 41 ಮೀಟರ್ ಎಂದು ಬರೆದಿರುತ್ತಿತ್ತಲ್ಲ, ಅದೂ ಇದೇ ಲೆಕ್ಕ: 300ನ್ನು 31ರಿಂದ ಭಾಗಿಸಿದರೆ 9.7 ಮೆಗಾಹರ್ಟ್ಜ್.

ಬಣ್ಣದ ವಿಷಯದಲ್ಲಿ ಆಗುವ ತಪ್ಪು ತೀರಾ ಸಾಮಾನ್ಯ. 650 ನ್ಯಾನೋಮೀಟರ್‌ನ ಕೆಂಪು ಲೇಸರ್ ಪಾಯಿಂಟರನ್ನು ನೀರು ತುಂಬಿದ ಗಾಜಿನ ಪಾತ್ರೆಗೆ ಹಾಯಿಸಿ, ಎರಡು ಹನಿ ಹಾಲು ಬಿಟ್ಟರೆ ಕಿರಣದ ದಾರಿ ಕಾಣುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ನಿರ್ವಾತಕ್ಕಿಂತ ಅಲ್ಲಿ ಬೆಳಕು ಎಷ್ಟು ಪಟ್ಟು ನಿಧಾನ ಎಂಬ ಅಂಕಿ, 1.33. ಆದ್ದರಿಂದ ಒಳಗೆ ತರಂಗದೂರ 489 ನ್ಯಾನೋಮೀಟರ್. ಪುಸ್ತಕದ ಪಟ್ಟಿಯಲ್ಲಿ 489ರ ಎದುರು ನೀಲಿ-ಹಸಿರು ಎಂದಿರುತ್ತದೆ. ಆದರೂ ನೀರೊಳಗೆ ಕಿರಣ ಕೆಂಪಾಗಿಯೇ ಇದೆ. ಪಟ್ಟಿಯಲ್ಲಿ ಕೊಟ್ಟಿರುವುದು ನಿರ್ವಾತದ ತರಂಗದೂರ. ಕಣ್ಣು ಗುರುತಿಸುವುದು ಆವೃತ್ತಿಯನ್ನು, ಇಲ್ಲಿ 461 ಟೆರಾಹರ್ಟ್ಜ್. ಇನ್ನೂ ಹತ್ತಿರದಿಂದ ನೋಡಬೇಕೆಂದರೆ, ಕಣ್ಣಿನ ಗುಡ್ಡೆಯೊಳಗೆ ತುಂಬಿರುವ ದ್ರವದ ಸೂಚ್ಯಂಕವೂ ಸುಮಾರು 1.34. ಹೊರಗೆ ಗಾಳಿಯಿರಲಿ ನೀರಿರಲಿ, ಅಕ್ಷಿಪಟಲಕ್ಕೆ ತಲುಪುವ ಹೊತ್ತಿಗೆ ಆ ಕೆಂಪು ಯಾವಾಗಲೂ ಸುಮಾರು 486 ನ್ಯಾನೋಮೀಟರೇ. (ಲೇಸರನ್ನು ಕಣ್ಣಿನ ಮಟ್ಟದಲ್ಲಿ ಹಿಡಿಯಬೇಡಿ. ಗಾಜಿನಿಂದ ಪ್ರತಿಫಲಿಸಿದ ಕಿರಣವೂ ಕಣ್ಣಿಗೆ ಕೆಟ್ಟದ್ದು.)

ಆವೃತ್ತಿ ಬದಲಾಗುವ ಸಂದರ್ಭಗಳೂ ಇವೆ. ಮೂಲವೋ ನೋಡುವವರೋ ಚಲಿಸುತ್ತಿದ್ದರೆ ಡಾಪ್ಲರ್ ಪರಿಣಾಮ. ಡಿಶ್ ತುದಿಯಲ್ಲಿ ಸಂಕೇತ ಹಿಡಿಯುವ ಪುಟ್ಟ ಪೆಟ್ಟಿಗೆಯಾದ ಎಲ್‌ಎನ್‌ಬಿಯಲ್ಲಿ 12 ಗಿಗಾಹರ್ಟ್ಜ್ ಸಂಕೇತವನ್ನು 10.6 ಗಿಗಾಹರ್ಟ್ಜ್ ಆಂದೋಲಕದ ಜೊತೆ ಬೆರೆಸಿ 1.4 ಗಿಗಾಹರ್ಟ್ಜ್‌ಗೆ ಇಳಿಸುತ್ತಾರೆ. ಮಾಮೂಲಿ ಹಸಿರು ಲೇಸರ್ ಪಾಯಿಂಟರಿನಲ್ಲಿ 1064 ನ್ಯಾನೋಮೀಟರ್‌ನ ಅವಗೆಂಪು ಬೆಳಕು ಒಂದು ವಿಶೇಷ ಹರಳನ್ನು ಹೊಕ್ಕು ಆವೃತ್ತಿ ಇಮ್ಮಡಿಯಾಗಿ 532 ಆಗಿ ಹೊರಬರುತ್ತದೆ. ಗಾಜು, ನೀರು, ಪ್ಲಾಸ್ಟಿಕ್ಕು ಸುಮ್ಮನೆ ಎದುರಿಗೆ ಬಂದರೆ ಹಾಗಾಗುವುದಿಲ್ಲ.

ಇನ್ನು ಕೇಬಲ್ಲು. ಈ ಸೂತ್ರವನ್ನು ಅರೆಬರೆ ತಿಳಿದವರಿಗೆ ಕತ್ತರಿ ಕೈಕೊಡುವುದು ಇಲ್ಲಿಯೇ. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸಿ ರೇಡಿಯೊ ಸಂಕೇತ ಹಿಡಿಯುವ ಅಗ್ಗದ ಕಡ್ಡಿ) ಇಟ್ಟುಕೊಂಡವರಿಗೆ ಊರಿನ ಜೋರಾದ ಎಫ್‌ಎಂ ನಿಲ್ದಾಣವೇ ದೊಡ್ಡ ಕಾಟ. ಅದರ ಅಬ್ಬರಕ್ಕೆ ಡಾಂಗಲ್ಲಿನ ಮುಂಭಾಗ ತುಂಬಿಹೋಗಿ ದುರ್ಬಲ ಸಂಕೇತಗಳು ಮುಳುಗುತ್ತವೆ. ಅಗ್ಗದ ಪರಿಹಾರವೆಂದರೆ ಆಂಟೆನಾದಿಂದ ಬರುವ ಕೇಬಲ್ಲಿಗೆ ಒಂದು ಟಿ ಕನೆಕ್ಟರ್ ಹಾಕಿ, ಅದರ ಮೂರನೇ ಬಾಯಿಗೆ ಕಾಲು ತರಂಗದೂರದಷ್ಟು ಉದ್ದದ ಕೇಬಲ್ ತುಂಡನ್ನು, ಇನ್ನೊಂದು ತುದಿ ತೆರೆದಂತೆ ಬಿಟ್ಟು, ಸಿಕ್ಕಿಸುವುದು. ಅಲೆ ಆ ತುಂಡಿನಲ್ಲಿ ಕಾಲು ತರಂಗದೂರ ಹೋಗಿ, ತೆರೆದ ತುದಿಯಿಂದ ತಿರುಗಿ, ಮತ್ತೆ ಕಾಲು ತರಂಗದೂರ ಬರುತ್ತದೆ. ಒಟ್ಟು ಅರ್ಧ. ಹೊಸದಾಗಿ ಬರುತ್ತಿರುವ ಅಲೆ ಏರುವಾಗ ಇದು ಇಳಿಯುತ್ತಿರುತ್ತದೆ, ಎರಡೂ ಹೊಡೆದುಹೋಗುತ್ತವೆ. ಆ ಒಂದು ಆವೃತ್ತಿಗೆ ಟಿ ಇರುವ ಜಾಗದಲ್ಲಿ ಶಾರ್ಟ್ ಸರ್ಕ್ಯೂಟ್ ಆದಂತೆ.

101.3 ಮೆಗಾಹರ್ಟ್ಜ್‌ಗೆ ಕಾಲು ತರಂಗದೂರ 74 ಸೆಂ.ಮೀ. ಎಂದು ಅಳೆದು ಕತ್ತರಿಸಿದರೆ ಏನೂ ಆಗುವುದಿಲ್ಲ. ನಿಲ್ದಾಣ ಮೊದಲಿನಂತೆಯೇ ಅಬ್ಬರಿಸುತ್ತದೆ. 74 ಸೆಂ.ಮೀ. ಎಂಬುದು ಗಾಳಿಯ ಲೆಕ್ಕ. ಕೇಬಲ್ಲಿನ ಒಳಗೆ ಅಲೆ ಸಾಗುವುದು ನಡುವಿನ ತಂತಿಗೂ ಹೊರಗಿನ ಜಾಲರಿಗೂ ಮಧ್ಯೆ ಇರುವ ಪಾಲಿಥಿನ್‌ನಲ್ಲಿ. ಪಾಲಿಥಿನ್ನಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 2.25, ಅದರ ವರ್ಗಮೂಲ 1.5. ವೇಗ ಆ ವರ್ಗಮೂಲದಷ್ಟು, ಅಂದರೆ ಒಂದೂವರೆ ಪಟ್ಟು ಕಡಿಮೆ, ನಿರ್ವಾತದ ವೇಗದ ಸುಮಾರು ಶೇ. 66. ಇದನ್ನೇ ವೆಲಾಸಿಟಿ ಫ್ಯಾಕ್ಟರ್ 0.66 ಎನ್ನುತ್ತಾರೆ. ಆರ್‌ಜಿ-58ರಂಥ ಗಟ್ಟಿ ಪಾಲಿಥಿನ್ ಕೇಬಲ್ಲಿನಲ್ಲಿ ಬೇಕಾದ ತುಂಡು 74 × 0.66, ಅಂದರೆ 48.8 ಸೆಂ.ಮೀ. ಡಿಟಿಎಚ್‌ಗೆ ಹಾಕುವ ಆರ್‌ಜಿ-6ರಲ್ಲಿ ಸಾಮಾನ್ಯವಾಗಿ ಗುಳ್ಳೆ ತುಂಬಿದ ಫೋಮ್ ಪಾಲಿಥಿನ್ ಇರುತ್ತದೆ. ಗುಳ್ಳೆಯಲ್ಲಿರುವುದು ಅನಿಲವಾದ್ದರಿಂದ ವೇಗ ಹೆಚ್ಚು, 0.82ರಿಂದ 0.85. 0.82 ಹಿಡಿದರೆ ತುಂಡು 60.7 ಸೆಂ.ಮೀ. ಗಟ್ಟಿ ಪಾಲಿಥಿನ್‌ನಲ್ಲಿ 74 ಸೆಂ.ಮೀ. ಕತ್ತರಿಸಿದವರು ತಡೆದದ್ದು 66.8 ಮೆಗಾಹರ್ಟ್ಜನ್ನು. ಫಿಲ್ಟರ್ ಸರಿಯಾಗಿಯೇ ಕೆಲಸ ಮಾಡಿದೆ, ಬೇರೆ ಜಾಗದಲ್ಲಿ.

ಕತ್ತರಿಸುವಾಗ ಲೆಕ್ಕಕ್ಕಿಂತ 4-5 ಸೆಂ.ಮೀ. ಉದ್ದವೇ ಬಿಡಿ. ಟಿ ಕನೆಕ್ಟರಿನ ಒಳಗಿನ ಉದ್ದವೂ ಲೆಕ್ಕಕ್ಕೆ ಸೇರುತ್ತದೆ, ಅದನ್ನು ಹೊರಗಿನಿಂದ ಅಳೆಯಲಾಗುವುದಿಲ್ಲ. ಆಮೇಲೆ ತುದಿಯಿಂದ 5 ಮಿ.ಮೀ.ನಂತೆ ಕತ್ತರಿಸುತ್ತ ಬನ್ನಿ. 48.8 ಸೆಂ.ಮೀ. ತುಂಡಿನಲ್ಲಿ 5 ಮಿ.ಮೀ. ಎಂದರೆ ಶೇ. 1, ಅಂದರೆ ತಡೆಯುವ ಜಾಗ ಒಂದು ಮೆಗಾಹರ್ಟ್ಜ್‌ನಷ್ಟು ಮೇಲಕ್ಕೆ ಸರಿಯುತ್ತದೆ. ಪ್ರತಿ ಸಲ ಕತ್ತರಿಸಿದ ಮೇಲೂ ತುದಿಯಲ್ಲಿ ಜಾಲರಿಯ ಎಳೆ ನಡುವಿನ ತಂತಿಗೆ ತಾಗಿಲ್ಲವೆಂದು ಬೆಳಕಿಗೆ ಹಿಡಿದು ನೋಡಬೇಕು. ತಾಗಿದರೆ ತೆರೆದ ತುದಿ ಮುಚ್ಚಿದ ತುದಿಯಾಗಿ ಇಡೀ ನಡವಳಿಕೆ ತಲೆಕೆಳಗಾಗುತ್ತದೆ. ತುಂಡನ್ನು ಮನೆಯೊಳಗೆ ಟ್ಯೂನ್ ಮಾಡಿ ತಾರಸಿಯಲ್ಲಿ ಇಡುವವರು ತುದಿಯನ್ನು ಸಿಲಿಕೋನ್‌ನಿಂದ ಮುಚ್ಚಬೇಕು. ಫೋಮ್ ಕೇಬಲ್ಲಿಗೆ ನೀರು ಇಳಿದರೆ ವೇಗ ಕುಗ್ಗಿ, ಬೇಸಿಗೆಯಲ್ಲಿ ಸರಿಯಿದ್ದ ಫಿಲ್ಟರ್ ಮಳೆಗಾಲದಲ್ಲಿ ಕೆಳಗಿನ ಆವೃತ್ತಿಗೆ ಜಾರುತ್ತದೆ. ಇನ್ನೊಂದು ಗುಣ ನೆನಪಿರಲಿ: ಈ ತುಂಡು ಮೂರರಷ್ಟು ಆವೃತ್ತಿಯನ್ನೂ ತಡೆಯುತ್ತದೆ, ಇಲ್ಲಿ ಸುಮಾರು 304 ಮೆಗಾಹರ್ಟ್ಜ್. ನೀವು ಕೇಳಬೇಕಾದದ್ದು ಅಲ್ಲೇ ಇದ್ದರೆ ಈ ಉಪಾಯ ಬೇಡ.

ಕೇಬಲ್ಲಿನ ಮೇಲೆ ವೆಲಾಸಿಟಿ ಫ್ಯಾಕ್ಟರ್ ಮುದ್ರಿಸಿರುವುದಿಲ್ಲ. ಅಳೆಯುವುದು ಸುಲಭ, ಯಾವ ಆವೃತ್ತಿ ಎಷ್ಟು ದಾಟುತ್ತದೆಂದು ಪರದೆಯ ಮೇಲೆ ತೋರಿಸುವ ನ್ಯಾನೋವಿಎನ್‌ಎ ಎಂಬ ಪುಟ್ಟ ಉಪಕರಣ ಇದ್ದರೆ ಸಾಕು. 10 ಮೀಟರ್ ಕೇಬಲ್ಲನ್ನು ಅದೇ ರೀತಿ ಟಿ ಮೂಲಕ ಸಿಕ್ಕಿಸಿ, ತುದಿ ತೆರೆದಿಟ್ಟು, 1ರಿಂದ 60 ಮೆಗಾಹರ್ಟ್ಜ್ ತನಕ ನೋಡಿ. ಪರದೆಯ ಮೇಲೆ ಸಮ ಅಂತರದಲ್ಲಿ ತಗ್ಗುಗಳು ಕಾಣುತ್ತವೆ. ಗಟ್ಟಿ ಪಾಲಿಥಿನ್ ಆದರೆ ಮೊದಲನೆಯದು 4.95ರ ಹತ್ತಿರ, ಆಮೇಲೆ 14.8, 24.7. ಎರಡು ತಗ್ಗುಗಳ ನಡುವಿನ ಅಂತರವನ್ನು ಕೇಬಲ್ಲಿನ ಉದ್ದದ ಎರಡರಷ್ಟರಿಂದ ಗುಣಿಸಿದರೆ ವೇಗ: 9.89 ಮೆಗಾಹರ್ಟ್ಜ್ × 20 ಮೀಟರ್ = ಸೆಕೆಂಡಿಗೆ 19.78 ಕೋಟಿ ಮೀಟರ್. ನಿರ್ವಾತದ ವೇಗದಿಂದ ಭಾಗಿಸಿದರೆ 0.66. ಒಂದೇ ತಗ್ಗನ್ನು ನೆಚ್ಚಿಕೊಳ್ಳುವುದಕ್ಕಿಂತ ನಾಲ್ಕೈದು ತಗ್ಗುಗಳ ನಡುವಿನ ಅಂತರದ ಸರಾಸರಿ ಹಿಡಿಯುವುದು ಮೇಲು.

ಆಂಟೆನಾ ಕಡ್ಡಿಗಳ ಕಥೆ ಸ್ವಲ್ಪ ಬೇರೆ. ಇಡೀ ಎಫ್‌ಎಂ ಪಟ್ಟಿಗೆ ನಡುವಿನ 98 ಮೆಗಾಹರ್ಟ್ಜ್ ಹಿಡಿದರೆ ಅರ್ಧ ತರಂಗದೂರ 153 ಸೆಂ.ಮೀ. ಆದರೆ ಡೈಪೋಲ್, ಅಂದರೆ ಎರಡು ತೋಳಿನ ಆಂಟೆನಾ ಕಟ್ಟುವವರು ಅದಕ್ಕೆ 0.95 ಗುಣಿಸಿ ಒಟ್ಟು 145 ಸೆಂ.ಮೀ., ಒಂದೊಂದು ತೋಳು 72.6 ಸೆಂ.ಮೀ. ಕತ್ತರಿಸುತ್ತಾರೆ. ಇದು ಕೇಬಲ್ಲಿನಂತೆ ಮಾಧ್ಯಮ ವೇಗ ಕುಗ್ಗಿಸಿದ್ದಲ್ಲ, ಕಡ್ಡಿಯ ಸುತ್ತ ಇರುವುದು ಗಾಳಿಯೇ. ತುದಿಗಳಲ್ಲಿ ವಿದ್ಯುತ್ ಕ್ಷೇತ್ರ ಕಡ್ಡಿಯಾಚೆಗೂ ಚಾಚಿಕೊಳ್ಳುವುದರಿಂದ ಕಡ್ಡಿ ತಾನಿರುವುದಕ್ಕಿಂತ ಉದ್ದವಿದ್ದಂತೆ ವರ್ತಿಸುತ್ತದೆ. ಕಡ್ಡಿ ದಪ್ಪವಾದಷ್ಟೂ ಇದು ಹೆಚ್ಚು. ಮನೆಯ ವೈರಿಂಗ್‌ನ ಪಿವಿಸಿ ಹೊದಿಕೆಯ ತಂತಿ ಬಳಸಿದರೆ ಇನ್ನೂ ಕೆಲವು ಶೇಕಡಾ ಗಿಡ್ಡ ಬೇಕು, ಅಲ್ಲಿ ಮಾತ್ರ ಹೊದಿಕೆಯ ಪಾಲೂ ಇದೆ.

‘ವೇಗ ಮಾಧ್ಯಮದ್ದು’ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. ಒಂದೇ ಮಾಧ್ಯಮ ಎಲ್ಲ ಆವೃತ್ತಿಗಳಿಗೂ ಒಂದೇ ವೇಗ ಕೊಡುವುದಿಲ್ಲ. ಬೆಳಕಿಗೆ ನೀರಿನ ಸೂಚ್ಯಂಕ 1.33, ಎಫ್‌ಎಂ ಅಲೆಗೆ ಅದೇ ನೀರಿನಲ್ಲಿ ಸುಮಾರು 9. ರೇಡಿಯೊ ಅಲೆಯ ತಾಳಕ್ಕೆ ನೀರಿನ ಅಣುಗಳು ಇಡಿಯಾಗಿ ಹೊರಳಿ ತಿರುಗಬಲ್ಲವು, ಬೆಳಕಿನ ಓಟಕ್ಕೆ ಅವಕ್ಕೆ ಅಷ್ಟು ಪುರುಸೊತ್ತಿಲ್ಲ. ಇದೇ ಗುಣವನ್ನು ಉಪಯೋಗಕ್ಕೆ ತಿರುಗಿಸಿಕೊಂಡಿರುವುದು ಜಿಪಿಎಸ್‌ನಂತೆ ಜಾಗ ತಿಳಿಸುವ ನಮ್ಮ ದೇಶದ ನಾವಿಕ್. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ ಇಸ್ರೋದ ನ್ಯಾವಿಗೇಷನ್ ಕೇಂದ್ರವಿರುವ ಈ ವ್ಯವಸ್ಥೆಯ ಉಪಗ್ರಹಗಳು 1176.45 ಮತ್ತು 2492.028 ಮೆಗಾಹರ್ಟ್ಜ್ ಎರಡರಲ್ಲೂ ಸಂಕೇತ ಕಳಿಸುತ್ತವೆ. ವಾತಾವರಣದ ಮೇಲೆ ಬಿಡಿ ಎಲೆಕ್ಟ್ರಾನ್‌ಗಳಿರುವ ಅಯಾನುಗೋಳದಲ್ಲಿ ಸಂಕೇತ ತಡವಾಗುವುದು ಆವೃತ್ತಿಯ ವರ್ಗಕ್ಕೆ ವಿಲೋಮವಾಗಿ. ಹಾಗಾಗಿ ಕೆಳಗಿನ ಆವೃತ್ತಿಯದು ಮೇಲಿನದಕ್ಕಿಂತ ನಾಲ್ಕೂವರೆ ಪಟ್ಟು ತಡ. ಸಂಕೇತದ ದಾರಿಯುದ್ದಕ್ಕೂ ಒಂದು ಚದರ ಮೀಟರ್ ಅಡ್ಡಗಲದ ಕಂಬವನ್ನು ಕಲ್ಪಿಸಿಕೊಂಡು ಅದರಲ್ಲಿ 10ರ ಘಾತ 16ರಷ್ಟು ಎಲೆಕ್ಟ್ರಾನ್‌ಗಳಿದ್ದರೆ ಕೆಳಗಿನದಕ್ಕೆ ದೂರದ ತಪ್ಪು 29 ಸೆಂ.ಮೀ., ಮೇಲಿನದಕ್ಕೆ 6.5 ಸೆಂ.ಮೀ. ಎರಡೂ ಬಂದು ತಲುಪಿದ ಹೊತ್ತಿನ ವ್ಯತ್ಯಾಸ ನೋಡಿದರೆ ಎಲೆಕ್ಟ್ರಾನ್ ಎಷ್ಟಿತ್ತೆಂದು ಗೊತ್ತಾಗುತ್ತದೆ, ತಪ್ಪನ್ನು ಕಳೆಯಬಹುದು.

ತರಂಗದೂರ ದೊಡ್ಡದಾದರೆ ಯಂತ್ರಗಳೂ ದೊಡ್ಡವಾಗಲೇಬೇಕು ಎಂಬುದಕ್ಕೆ ಗೌರಿಬಿದನೂರಿನ ರೇಡಿಯೊ ದೂರದರ್ಶಕಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮಲ್ಲಿಲ್ಲ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ ಅದು 34.5 ಮೆಗಾಹರ್ಟ್ಜ್‌ನಲ್ಲಿ ಆಕಾಶ ನೋಡಿತು. ತರಂಗದೂರ 8.69 ಮೀಟರ್. ಟಿ ಆಕಾರದಲ್ಲಿ ನಿಲ್ಲಿಸಿದ 1000 ಡೈಪೋಲ್‌ಗಳು, ಪೂರ್ವ-ಪಶ್ಚಿಮದ ತೋಳು ಸುಮಾರು 1.4 ಕಿ.ಮೀ. ಇಷ್ಟೆಲ್ಲ ಹರಡಿದರೂ ಬೇರ್ಪಡಿಸಿ ನೋಡಬಲ್ಲ ಕೋನ ಅರ್ಧ ಡಿಗ್ರಿಗಿಂತ ತುಸು ಕಡಿಮೆ, ಚಂದ್ರನ ಬಿಂಬಕ್ಕಿಂತ ಸ್ವಲ್ಪ ಚಿಕ್ಕದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದೇ ಕೋನ ಬೇರ್ಪಡಿಸಲು 0.09 ಮಿ.ಮೀ. ರಂಧ್ರ ಸಾಕು, ತಲೆಗೂದಲಿನಷ್ಟು ದಪ್ಪದ್ದು. ಸಾಮರ್ಥ್ಯವನ್ನು ತೀರ್ಮಾನಿಸುವುದು ಯಂತ್ರದೊಳಗೆ ಎಷ್ಟು ತರಂಗದೂರಗಳು ಹಿಡಿಸುತ್ತವೆ ಎಂಬ ಲೆಕ್ಕ.

ಮನೆಯಲ್ಲೇ ತರಂಗದೂರವನ್ನು ಕಣ್ಣಾರೆ ಕಾಣಬೇಕೆಂದರೆ ಹಪ್ಪಳ ತನ್ನಿ. ಮೈಕ್ರೋವೇವ್ ಒಲೆಯ ಹಿಂಬದಿಯ ಚೀಟಿಯಲ್ಲಿ 2450 ಮೆಗಾಹರ್ಟ್ಜ್ ಎಂದಿರುತ್ತದೆ. ತರಂಗದೂರ 12.24 ಸೆಂ.ಮೀ. ಲೋಹದ ಗೋಡೆಗಳಿಗೆ ಬಡಿದು ಹಿಂದಿರುಗುವ ಅಲೆಗಳು ಒಂದರ ಮೇಲೊಂದು ಬಿದ್ದು, ನಿಂತಲ್ಲೇ ಹೊಯ್ದಾಡುವ ಸ್ಥಾಯಿ ತರಂಗವಾಗುತ್ತವೆ. ಹೊಯ್ದಾಟ ಜೋರಾಗಿರುವ ಜಾಗಗಳು ಸುಮಾರು ಅರ್ಧ ತರಂಗದೂರಕ್ಕೆ, ಅಂದರೆ 6.1 ಸೆಂ.ಮೀ.ಗೆ ಒಂದರಂತೆ ಬರುತ್ತವೆ. ಇದನ್ನು ಮರೆಮಾಚಲೆಂದೇ ತಟ್ಟೆಯನ್ನು ತಿರುಗಿಸುವುದು. ಆದ್ದರಿಂದ ಮೊದಲು ಗಾಜಿನ ತಟ್ಟೆಯನ್ನೂ ಅದರಡಿಯ ಚಕ್ರದ ಬಳೆಯನ್ನೂ ಹೊರಗೆ ತೆಗೆಯಿರಿ. ನಡುವೆ ತಿರುಗುವ ಗುಬಟಿನ ಮೇಲೆ ಅದಕ್ಕೆ ತಾಗದಂತೆ ಒಂದು ಗಾಜಿನ ಬಟ್ಟಲನ್ನು ಬೋರಲು ಹಾಕಿ, ಅದರ ಮೇಲೆ ಚಪ್ಪಟೆ ಪಿಂಗಾಣಿ ತಟ್ಟೆ ಇಟ್ಟು, ದೊಡ್ಡ ಉದ್ದಿನ ಹಪ್ಪಳಗಳನ್ನು ಅಂಚಿಗೆ ಅಂಚು ಕೂಡಿಸಿ ಹರಡಿ. ಪೂರ್ತಿ ಶಕ್ತಿಯಲ್ಲಿ 15ರಿಂದ 20 ಸೆಕೆಂಡು. ಹಳದಿಯಾಗಿ ಅರೆಪಾರದರ್ಶಕವಾಗಿದ್ದ ಹಪ್ಪಳದಲ್ಲಿ ಮೊದಲು ಒಂದೆರಡು ಬಿಳಿ ಬೊಬ್ಬೆಗಳು ಏಳುತ್ತವೆ, ಆಮೇಲೆ ಅವು ರೂಪಾಯಿ ನಾಣ್ಯದಷ್ಟಗಲ ಹರಡುತ್ತವೆ. ನಡುವಿನ ಭಾಗ ಹಸಿಯಾಗಿಯೇ ಇರುತ್ತದೆ. ಕಲೆಗಳು ಒಂದಕ್ಕೊಂದು ಕೂಡುವ ಮೊದಲೇ ನಿಲ್ಲಿಸಿ.

ಕಲೆಯ ಅಂಚಿನಿಂದ ಅಳೆಯಬೇಡಿ, ನಡುವಿನಿಂದ ನಡುವಿಗೆ ಅಳೆಯಿರಿ. 6.2 ಸೆಂ.ಮೀ. ಬಂತೆನ್ನಿ. ಎರಡರಷ್ಟು 12.4 ಸೆಂ.ಮೀ., 2450 ಮೆಗಾಹರ್ಟ್ಜ್‌ನಿಂದ ಗುಣಿಸಿದರೆ ಸೆಕೆಂಡಿಗೆ 3,03,800 ಕಿ.ಮೀ. ಎರಡರಿಂದ ಗುಣಿಸುವುದನ್ನು ಮರೆತು ಅರ್ಧ ವೇಗ ಬಂತೆಂದು ಕಂಗಾಲಾಗುವವರು ಬಹಳ. 5 ಮಿ.ಮೀ. ತಪ್ಪಿದರೆ ಉತ್ತರದಲ್ಲಿ ಶೇ. 8 ತಪ್ಪು, ಹಾಗಾಗಿ ಹತ್ತಾರು ಜೋಡಿಗಳ ಸರಾಸರಿ ತೆಗೆಯಿರಿ. 7-8 ಸೆಂ.ಮೀ. ಬಂದರೂ ಗಾಬರಿ ಬೇಡ: ಒಲೆ ಮೂರು ಆಯಾಮದ ಪೆಟ್ಟಿಗೆ, ಅಲೆ ಓರೆಯಾಗಿಯೂ ಪುಟಿಯುತ್ತದೆ, ಆಗ ಒಂದೇ ದಿಕ್ಕಿನಲ್ಲಿ ನೋಡಿದ ಅಂತರ ಸಾಮಾನ್ಯವಾಗಿ ಅರ್ಧ ತರಂಗದೂರಕ್ಕಿಂತ ಹೆಚ್ಚೇ. ತಿರುಗುವ ತಟ್ಟೆಯೇ ಇಲ್ಲದ ಒಲೆಗಳಲ್ಲಿ ಒಳಗೆ ಅಲೆಯನ್ನೇ ಕಲಕುವ ರೆಕ್ಕೆ ಇರುತ್ತದೆ, ಅಲ್ಲಿ ಈ ಪ್ರಯೋಗ ನಡೆಯದು. ಅರ್ಧ ನಿಮಿಷ ದಾಟಿಸಬೇಡಿ. ಹಪ್ಪಳದಲ್ಲಿ ನೀರು ಕಡಿಮೆ, ಅದು ಹೀರದ ಶಕ್ತಿ ಒಲೆಯಲ್ಲಿ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನಿಗೇ ವಾಪಸಾಗುತ್ತದೆ. ಜೊತೆಗೊಂದು ಲೋಟ ನೀರಿಟ್ಟರೆ ಒಲೆಗೆ ಕ್ಷೇಮ, ಆದರೆ ಕಲೆಗಳು ಮಸುಕಾಗುತ್ತವೆ.

ಇದೇ ಉಪಾಯವನ್ನು ಮೊದಲು ಮಾಡಿದ್ದು ಭೌತವಿಜ್ಞಾನಿ ಹೈನ್ರಿಕ್ ಹರ್ಟ್ಜ್, 1887-88ರಲ್ಲಿ, ಜರ್ಮನಿಯ ಕಾರ್ಲ್ಸ್‌ರೂ ಊರಿನಲ್ಲಿ. ಗೋಡೆಗೆ ಸತುವಿನ ತಗಡು ಹೊಡೆದು ಅಲೆಯನ್ನು ಹಿಂದಿರುಗಿಸಿ, ತಂತಿಯ ಬಳೆಯಲ್ಲಿ ಕಿಡಿ ಎಲ್ಲಿ ಜೋರು ಎಲ್ಲಿ ಮಂದ ಎಂದು ಅಳೆದು ತರಂಗದೂರ ಹಿಡಿದ. ಆವೃತ್ತಿಯನ್ನು ಅಳೆಯುವ ಉಪಕರಣ ಆಗ ಇರಲಿಲ್ಲ, ವಿದ್ಯುತ್ ಮಂಡಲದ ಗಾತ್ರದಿಂದ ಲೆಕ್ಕ ಹಾಕಬೇಕಿತ್ತು. ಆ ಲೆಕ್ಕದಲ್ಲಿ 2ರ ವರ್ಗಮೂಲದಷ್ಟು ತಪ್ಪಿತ್ತು, ತೋರಿಸಿಕೊಟ್ಟದ್ದು ಫ್ರೆಂಚ್ ಗಣಿತಜ್ಞ ಪ್ವಾಂಕರೆ. ಎಂಬತ್ತು ಚಿಲ್ಲರೆ ವರ್ಷಗಳ ನಂತರ, 1972ರಲ್ಲಿ, ಅಮೆರಿಕದ ಬೋಲ್ಡರ್‌ನಲ್ಲಿ ಈವನ್ಸನ್ ತಂಡ ಒಂದೇ ಲೇಸರಿನ ಎರಡನ್ನೂ ಅಳೆಯಿತು: ಆವೃತ್ತಿ 88.376 ಟೆರಾಹರ್ಟ್ಜ್, ತರಂಗದೂರ 3.392 ಮೈಕ್ರೋಮೀಟರ್. ಪೂರ್ತಿ ಅಂಕಿಗಳನ್ನಿಟ್ಟು ಗುಣಿಸಿದಾಗ ಬಂದದ್ದು ಸೆಕೆಂಡಿಗೆ 29,97,92,456.2 ಮೀಟರ್, ಹೆಚ್ಚುಕಡಿಮೆ 1.1 ಮೀಟರ್. ಅದಕ್ಕಿಂತ ನಿಖರವಾಗಿ ಹೇಳಲು ಅಡ್ಡಿಯಾದದ್ದು ಲೇಸರ್ ಅಲ್ಲ, ಆಗಿನ ಮೀಟರಿನ ವ್ಯಾಖ್ಯೆ. ಕ್ರಿಪ್ಟಾನ್ ದೀಪದ ಬೆಳಕಿನ ಮೇಲೆ ನಿಂತಿದ್ದ ಆ ಮೀಟರೇ ಸಾಕಷ್ಟು ಖಚಿತವಾಗಿರಲಿಲ್ಲ.

ಅದಕ್ಕೇ 1983ರಲ್ಲಿ ತಿರುಗಿಸಿ ಹಾಕಿದರು. ವೇಗವನ್ನು 29,97,92,458 ಎಂದು ಶಾಶ್ವತವಾಗಿ ನಿಗದಿ ಮಾಡಿ, ಬೆಳಕು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಸಾಗುವ ದೂರವೇ ಮೀಟರ್ ಎಂದರು. ಅಂದಿನಿಂದ ನಿರ್ವಾತದ ಬೆಳಕಿನ ವೇಗವನ್ನು ಯಾರೂ ಅಳೆಯುತ್ತಿಲ್ಲ, ಅಳೆಯಲು ಉಳಿದಿಲ್ಲ. ಹಪ್ಪಳದ ಮೇಲೆ ಸ್ಕೇಲ್ ಇಟ್ಟು ಸೆಕೆಂಡಿಗೆ 3,03,800 ಕಿ.ಮೀ. ಎಂಬ ಉತ್ತರ ಬಂದಾಗ ಆ ಶೇ. 1.3ರ ವ್ಯತ್ಯಾಸ ಹೇಳುತ್ತಿರುವುದು ಬೆಳಕಿನ ಬಗ್ಗೆ ಅಲ್ಲ. ಕಲೆಯ ನಡುವನ್ನು ಗುರುತಿಸಿದ ನಿಮ್ಮ ಕಣ್ಣು, ಪೆಟ್ಟಿಗೆಯ ಆಕಾರ, ಚೀಟಿಯಲ್ಲಿ 2450 ಎಂದಿದ್ದರೂ ಅದರ ಆಚೀಚೆ ಅಲೆದಾಡುವ ಮ್ಯಾಗ್ನೆಟ್ರಾನ್, ಇಲ್ಲವೇ ನೀವು ಹಿಡಿದ ಸ್ಕೇಲು. ಆ ಶೇ. 1.3 ಇವುಗಳಲ್ಲಿ ಯಾವುದರದ್ದೆಂದು ಹುಡುಕಬೇಕು.